ಬೆಳ್ಳಪ್ಪನ ಮೂರನೇ ಸೀನು

ಏಳು ಗುಡ್ಡ ದಾಟಿದರೆ ಒಂದು ಕಾಡು. ಕಾಡಿನ ನಡುವೆ ಒಂದು ಕೆರೆ. ಕೆರೆಯ ದಂಡೆಯಲ್ಲಿ ಒಂದು ಹೊಂಗೆಮರ. ಎಷ್ಟು ಎತ್ತರ ಅಂತೀರಿ ಮಕ್ಕಳೇ? ಮೋಡಗಳೇ ಅದನ್ನು ಬಳಸಿಕೊಂಡು ಹೋಗುತ್ತಿದ್ದವು. ನಂಬದಿದ್ದರೆ ಮೋಡವನ್ನೇ ಕೇಳಿ.

ಆ ಮರದ ತುದಿಯಲ್ಲಿ ಕೂರುತ್ತಿದ್ದವನು ಉದ್ದ ಬಾಲದ ಕೋತಿ, ಮುಸುವ ಬೆಳ್ಳಪ್ಪ. ಮುಖ ಬಾಣಲೆಯ ತಳದಷ್ಟು ಕಪ್ಪು, ಹೆಸರು ಮಾತ್ರ ಬೆಳ್ಳಪ್ಪ! ಅವನದು ಕಾವಲಿನ ಕೆಲಸ. ಜಿಂಕೆಗಳು ನೀರಿಗೆ ಬಂದಾಗ ಸುತ್ತ ನೋಡಬೇಕು, ಚಿರತೆ ಕಂಡರೆ "ಖೊಕ್!" ಎಂದು ಕೂಗಬೇಕು. ಅವನ ತಾತನೂ ಇದೇ ಕೊಂಬೆಯ ಮೇಲೆ ಕೂತು ಇದನ್ನೇ ಮಾಡಿದ್ದ.

"ನಮ್ಮ ವಂಶದಲ್ಲಿ ಕಾಯಿಲೆ ಅನ್ನೋದೇ ಇಲ್ಲ," ಎಂದು ಬೆಳ್ಳಪ್ಪ ಎದೆ ತಟ್ಟಿಕೊಳ್ಳುತ್ತಿದ್ದ. "ನಮ್ಮ ತಾತ ಜೀವಮಾನದಲ್ಲಿ ಒಂದೇ ಸಲ ಕೆಮ್ಮಿದ್ದು. ಅದೂ ಹುಲಿಯನ್ನ ಅಣಕಿಸೋಕೆ!"

ಯುಗಾದಿ ಹತ್ತಿರ ಬಂತು. ಹೊಂಗೆ ಮೈತುಂಬ ಹೂಬಿಟ್ಟಿತು. ಜೇನುಹುಳಗಳಿಗೆ ಹಬ್ಬ, ಬೆಳ್ಳಪ್ಪನಿಗೆ ಗ್ರಹಚಾರ. ಹೂವಿನ ಧೂಳು ಮೂಗಿಗೆ ಹೊಕ್ಕು ಕಚಗುಳಿ ಇಟ್ಟಿತು. ಕಣ್ಣು ನವೆ ಹತ್ತಿ ಕೆಂಪಾಯಿತು. ಮೂಗಿನ ಒಂದು ಹೊಳ್ಳೆ ಕಟ್ಟಿಕೊಂಡರೆ ಇನ್ನೊಂದು ಹಳ್ಳದ ಹಾಗೆ ಹರಿಯಿತು.

"ಅಕ್ಷೀ!"

ಆ ರಭಸಕ್ಕೆ ಪಕ್ಕದ ಮರದ ಗೀಜಗಗಳು ಗೂಡುಸಮೇತ ಬೇರೆ ಕಾಡಿಗೆ ಹೊರಟುಹೋದವು.

ಕೆಳಗೆ ಜಿಂಕೆಗಳ ಹಿರಿಯಳು ಚುಕ್ಕವ್ವ ಎತ್ತಿದ ಕಾಲನ್ನು ಹಾಗೇ ತಡೆದಳು. "ನಿಲ್ಲಿ! ಒಂಟಿ ಸೀನು, ಅಪಶಕುನ. ಈಗ ನೀರಿಗೆ ಇಳಿಯೋದು ಬೇಡ."

"ಅಜ್ಜೀ, ಬಾಯಾರಿಕೆ," ಎಂದಿತು ಅವಳ ಮೊಮ್ಮಗ, ಹದಿನೈದು ದಿನದ ಮರಿ.

"ಸಂಜೆ ಬರೋಣ ಕಂದ."

ಸಂಜೆಯೂ ಒಂಟಿ ಸೀನು. ಹಿಂಡು ಒಣಗಿದ ನಾಲಿಗೆಯಲ್ಲೇ ಹಿಂತಿರುಗಿತು. ಬೆಳ್ಳಪ್ಪ ಒಂದು ಕೊಂಬೆ ಕೆಳಗಿಳಿದು ಅಲ್ಲೇ ನಿಂತ. 'ಇದು ಶಕುನವಲ್ಲ, ಹೂವಿನ ಧೂಳು ಅಂತ ಇಳಿದು ಹೋಗಿ ಹೇಳಿಬಿಡಲೇ? ಬೇಡಪ್ಪ. ಕಾವಲುಗಾರನೇ ಸೀನುಬುರುಕ ಅಂತ ಗೊತ್ತಾದರೆ ತಾತನ ಕೊಂಬೆಯನ್ನ ಬೇರೆಯವರಿಗೆ ಕೊಟ್ಟುಬಿಟ್ಟಾರು. ಆಮೇಲೆ ನಾನು ಯಾರು?'

ಆಗ ಅವನ ತಲೆಗೊಂದು ಉಪಾಯ ಹೊಳೆಯಿತು. ಒಂಟಿ ಸೀನು ಅಪಶಕುನ, ಸರಿ. ಜೋಡಿ ಸೀನು ಶುಭವಲ್ಲವೇ?

ಮರುದಿನ ಬೆಳಗ್ಗೆ "ಅಕ್ಷೀ!" ಬಂದ ಕೂಡಲೇ ಬೆಳ್ಳಪ್ಪ ಸುಳ್ಳುಸುಳ್ಳೇ ಇನ್ನೊಂದು ಜೋಡಿಸಿದ: "ಅಕ್ಷೀ!"

"ಜೋಡಿ! ಶುಭವಾಯ್ತು, ನಡೀರಿ," ಎಂದಳು ಚುಕ್ಕವ್ವ. ಜಿಂಕೆಗಳು ಹೊಟ್ಟೆ ತುಂಬ ನೀರು ಕುಡಿದವು. "ಬೆಳ್ಳಪ್ಪನ ಸೀನೂ ಲಕ್ಷಣವಾಗಿದೆ ನೋಡ್ರೇ!"

ಬೆಳ್ಳಪ್ಪ ಉಬ್ಬಿಹೋದ. ಅಂದಿನಿಂದ ಇದೇ ನಡೆಯಿತು. ಒಂದು ನಿಜದ ಸೀನು, ಒಂದು ಸುಳ್ಳು ಸೀನು. ಹೊಂಗೆ ಇನ್ನಷ್ಟು ಅರಳಿತು, ಬೆಳ್ಳಪ್ಪ ಇನ್ನಷ್ಟು ಬಾಡಿದ. ಕಣ್ಣು ಊದಿ ಗೆರೆಯಷ್ಟಾಯಿತು. ರಾತ್ರಿ ನಿದ್ದೆಯಿಲ್ಲ. ಸೀನಿ ಸೀನಿ ಗಂಟಲೂ ಕಟ್ಟಿತು. ಆದರೂ ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ, ಪಾಪ.

ಒಂದು ಬೆಳಗ್ಗೆ ಹಿಂಡು ಬಂತು. ಮುಂದೆ ಮುಂದೆ ಕುಣಿಯುತ್ತ ಆ ಮರಿ. ಬೆಳ್ಳಪ್ಪ ಕಣ್ಣು ಒರೆಸಿಕೊಂಡು ಕೆಳಗೆ ನೋಡಿದ. ಮರದ ಬುಡದಲ್ಲಿ ಬಿಸಿಲು ನೆರಳಿನ ಮಚ್ಚೆ ಮಚ್ಚೆ. ಮೇಲೆ ಉದುರಿದ ಹೂವು.

ಆ ನೆರಳಿಗೆ ಬಾಲವಿತ್ತು. ಬಾಲದ ತುದಿ ಅಲ್ಲಾಡಿತು.

ಚಿರತೆ!

ಕೂಗಲು ಉಸಿರೆಳೆದುಕೊಂಡ. ಉಸಿರಿನ ಜೊತೆ ಹೂವಿನ ಧೂಳೂ ಒಳಗೆ ಬಂತು. "ಅಕ್ಷೀ! ಅಕ್ಷೀ!" ಈ ಸಲ ಎರಡೂ ನಿಜದ್ದೇ.

"ಜೋಡಿ ಸೀನು! ನಡಿ ಕಂದ, ಶುಭ," ಎಂದಳು ಚುಕ್ಕವ್ವ.

ಬೆಳ್ಳಪ್ಪ ಮತ್ತೆ ಬಾಯಿ ತೆರೆದ. 'ಖೊಕ್' ಬರಬೇಕಾದ ಗಂಟಲಿಂದ 'ಕುಯ್' ಎಂದು ಸೊಳ್ಳೆಯ ಸದ್ದು ಬಂತು. ಮರಿ ಇನ್ನೊಂದು ಹೆಜ್ಜೆ ಇಟ್ಟಿತು. ಚಿರತೆ ಬೆನ್ನು ಬಗ್ಗಿಸಿತು.

ಬೆಳ್ಳಪ್ಪನಿಗೆ ಕೂಗಲು ದನಿಯಿಲ್ಲ. ಉಳಿದದ್ದು ಒಂದೇ. ಇಷ್ಟು ದಿನ ಯಾವುದಕ್ಕೆ ಹೆದರಿ ಮುಖ ತಿರುಗಿಸುತ್ತಿದ್ದನೋ, ಅದೇ ಹೂಗೊಂಚಲನ್ನು ಎರಡೂ ಕೈಯಲ್ಲಿ ಹಿಡಿದು ಅದರಲ್ಲಿ ಮೂಗು ಹುದುಗಿಸಿ ಉಸಿರೆಳೆದ.

"ಆ... ಆ... ಆಆಆ...ಕ್ಷೀ!"

ಮಕ್ಕಳೇ, ಅಂಥ ಸೀನು ಹಿಂದೆ ಆಗಿಲ್ಲ, ಮುಂದೆ ಆಗೋದಿಲ್ಲ! ಕೆರೆಯ ನೀರು ಆ ದಂಡೆಗೆ ಹೋಗಿ ಈ ದಂಡೆಗೆ ಬಂತು. ಮರದ ಅರ್ಧ ಹೂವು ಒಂದೇ ಸಲಕ್ಕೆ ಉದುರಿತು.

"ಮೂರು! ಒಂಟಿಯಾಯ್ತು! ನಿಲ್ಲಿ!" ಚುಕ್ಕವ್ವ ಚೀರಿದಳು. ಮರಿ ಇದ್ದಲ್ಲೇ ನಿಂತಿತು. ಅಷ್ಟರಲ್ಲಿ ಸೀನಿನ ರಭಸಕ್ಕೆ ಕೊಂಬೆಯಿಂದ ಜಾರಿದ ಬೆಳ್ಳಪ್ಪ ಹೂಮಳೆಯ ಜೊತೆ ಧೊಪ್ಪೆಂದು ಚಿರತೆಯ ಬೆನ್ನ ಮೇಲೇ ಬಿದ್ದ. ಆಕಾಶವೇ ಕಳಚಿ ಬಿತ್ತು ಅಂದುಕೊಂಡ ಚಿರತೆ, ತಾನೂ ಒಂದು ಸೀನು ಸೀನಿ, ಹಿಂತಿರುಗಿ ನೋಡದೆ ಓಡಿತು.

ಬೆಳ್ಳಪ್ಪ ಹೂವಿನ ರಾಶಿಯಲ್ಲಿ ಕೂತು ಅತ್ತ. ಎಲ್ಲ ಹೇಳಿದ. ಸುಳ್ಳು ಸೀನನ್ನೂ ಹೇಳಿದ. "ನನ್ನ ಜಂಬಕ್ಕೆ ನಿಮ್ಮ ಮರಿ ಹೋಗ್ತಿತ್ತಲ್ಲ ಚುಕ್ಕವ್ವ. ಕೊಂಬೆ ಬೇರೆಯವರಿಗೆ ಕೊಡಿ."

ಚುಕ್ಕವ್ವ ಹತ್ತಿರ ಬಂದು ಅವನ ಊದಿದ ಕಣ್ಣನ್ನು ನೆಕ್ಕಿದಳು. "ತಪ್ಪು ನಿಂದೇ ಕಣಪ್ಪ. ಆದರೆ ನಾನೂ ಮುದುಕಿ, ದಿನಾ ಸೀನು ಎಣಿಸಿದೆ. 'ಯಾಕಪ್ಪ ಸೀನ್ತೀಯಾ' ಅಂತ ಒಂದು ದಿನ ಕೇಳಲಿಲ್ಲ."

"ನಮ್ಮ ತಾತನಿಗೆ ಹೀಗೆ ಆಗ್ತಿರಲಿಲ್ಲ," ಎಂದು ಬೆಳ್ಳಪ್ಪ ಮೂಗೊರೆಸಿಕೊಂಡ.

ಚುಕ್ಕವ್ವ ನಕ್ಕಳು. "ನಿಮ್ಮ ತಾತನೇ? ಹೊಂಗೆ ಹೂಬಿಟ್ಟ ಕೂಡಲೇ ಆ ದಂಡೆಯ ಆಲದಮರಕ್ಕೆ ಹೋಗಿ ಕೂರ್ತಿದ್ದ. ಯಾಕೆ ಅಂತ ನನಗೆ ಇವತ್ತು ತಿಳೀತು!"

ಅಂದೇ ಬೆಳ್ಳಪ್ಪ ಆಲಕ್ಕೆ ವಾಸ ಬದಲಿಸಿದ. ಆಲದ ಹೂವನ್ನು ಕಂಡವರುಂಟೇ? ಬೆಳಗ್ಗೆ ಸಂಜೆ ಕೆರೆಯಲ್ಲಿ ಮುಖ ತೊಳೆದ. ಗಾಳಿ ಹೊಂಗೆಯ ಕಡೆಯಿಂದ ಬೀಸಿದರೆ ಕಾಂಡದ ಮರೆಗೆ ಕೂತ. ಸೀನು ಪೂರ್ತಿ ಹೋಗಲಿಲ್ಲ, ಆದರೆ ಕಣ್ಣು ತೆರೆಯಿತು, 'ಖೊಕ್' ಮರಳಿತು.

ಈಗಲೂ ಒಮ್ಮೊಮ್ಮೆ ಆಲದ ಮೇಲಿಂದ "ಅಕ್ಷೀ!" ಕೇಳುತ್ತದೆ. ಯಾರೂ ಎಣಿಸುವುದಿಲ್ಲ. ಕೆಳಗಿಂದ ಆ ಮರಿ ಮಾತ್ರ ಕೂಗುತ್ತದೆ: "ಬೆಳ್ಳಪ್ಪ ಮಾಮ, ಇವತ್ತು ಮುಖ ತೊಳೆದ್ರಾ?"

ನೀತಿ: ಮೈಯ ತೊಂದರೆಯನ್ನು ಬಚ್ಚಿಟ್ಟವನು ತನ್ನ ಜೊತೆಗೆ ತನ್ನನ್ನು ನಂಬಿದವರನ್ನೂ ಅಪಾಯಕ್ಕೆ ತಳ್ಳುತ್ತಾನೆ, ಬಾಯಿಬಿಟ್ಟು ಹೇಳಿಕೊಂಡವನಿಗೆ ದಾರಿಯೂ ಸಿಗುತ್ತದೆ, ಜೊತೆಯೂ ಸಿಗುತ್ತದೆ.