ಸೆರಗು ಸೇರಿಸುವ ಕೈ

“ಗುರುಗಳೇ, ನೇರಪ್ರಸಾರವನ್ನು ಜನರೆಲ್ಲ ನೋಡಿಯಾಗುತ್ತದೆ. ಆಮೇಲೆ ಉಳಿಸಿಕೊಳ್ಳುವ ಫೈಲಿಗೆ ಬೇರೆ ಸೆಟ್ಟಿಂಗ್ ಯಾಕೆ? ಎರಡಕ್ಕೂ ಒಂದೇ ಸಾಲದೇ?” ಎಂದು ಶಿಷ್ಯ ಕೇಳಿದ.

ವಿಡಿಯೊ ಕೆಲಸ ಕಲಿಸುವ ಗುರುವಿಗೆ ಸಿಟ್ಟು ಬಂತು. ಅದನ್ನು ನುಂಗಿಕೊಂಡು ಹೇಳತೊಡಗಿದ.

ಒಬ್ಬಳು ನೇಕಾರ ಮುದುಕಿಯಿದ್ದಳು. ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಸೇರಿಸುವುದು ಅಲ್ಲಿಯ ನೇಕಾರರೆಲ್ಲ ಬಲ್ಲ ಕೆಲಸ. ಆದರೆ ಇವಳು ಸೇರಿಸಿದರೆ ಕೂಡಿದ ಜಾಗ ಬೆರಳಾಡಿಸಿದರೂ ಸಿಗುತ್ತಿರಲಿಲ್ಲ. ಆ ಗುಟ್ಟನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅಷ್ಟು ಜಂಬದ ಮುದುಕಿ. ಎದೆನೋವು ಶುರುವಾದ ಮೇಲೆ ಹೆದರಿ, ಸೊಸೆಗೆ ಕಲಿಸುತ್ತೇನೆ ಎಂದಳು. ಸೊಸೆ ಹೆರಿಗೆಗೆಂದು ದೂರದ ತವರಿಗೆ ಹೋಗಿದ್ದಳು. ಅವಳು ಬರುವತನಕ ತಾನಿರುತ್ತೇನೆಂಬ ನಂಬಿಕೆ ಮುದುಕಿಗೆ ಇರಲಿಲ್ಲ. ನೇಕಾರರ ಸಂಘದವರು ಒಬ್ಬ ವಿಡಿಯೊದವನನ್ನು ಕರೆಸಿದರು. ಜನರೂ ನೋಡಲಿ, ಸೊಸೆ ಕಲಿಯಲು ಫೈಲೂ ಉಳಿಯಲಿ ಎಂದರು.

ಮುದುಕಿ ಅವನಿಗೆ ಹೇಳಿದ್ದು ಒಂದೇ ಮಾತು. “ತಮ್ಮಾ, ನನ್ನ ಮಾರಿ ಕಾಣದಿದ್ರೂ ನಡೀತೈತಿ. ಕೈ ಕಾಣಬೇಕು ನೋಡಪಾ.”

“ಕಾಣತೈತಿ ಬಿಡವ್ವಾ” ಎಂದ ಅವನು.

ಆ ಊರಿನ ನೆಟ್‌ವರ್ಕ್ ಬಲು ತೆಳು. ಪ್ರಸಾರ ನಡುವೆ ನಿಲ್ಲಬಾರದೆಂದು ಅವನು ಎನ್‌ಕೋಡರ್ ಎಂಬ ತಂತ್ರಾಂಶದಲ್ಲಿ ಚಿತ್ರವನ್ನು ಚೆನ್ನಾಗಿ ಹಿಂಡಿ ಸಣ್ಣದು ಮಾಡಿದ. ಅದು ಸರಿಯೇ. ಉಳಿಸುವ ಫೈಲಿಗೆ ಹಿಂಡುವ ಅಗತ್ಯವಿರಲಿಲ್ಲ, ಡಿಸ್ಕಿನಲ್ಲಿ ಬೇಕಾದಷ್ಟು ಜಾಗವಿತ್ತು. ಆದರೂ ಎರಡು ಬಗೆಯ ಕೆಲಸ ಒಟ್ಟಿಗೆ ಕೊಟ್ಟರೆ ಕಂಪ್ಯೂಟರ್ ಬಿಸಿಯಾದೀತೆಂದು ‘ಫೈಲಿಗೂ ಪ್ರಸಾರದ್ದೇ ಸೆಟ್ಟಿಂಗ್’ ಎಂಬಲ್ಲಿ ಗುರುತು ಹಾಕಿಬಿಟ್ಟ.

ಪ್ರಸಾರ ಒಮ್ಮೆಯೂ ನಿಲ್ಲಲಿಲ್ಲ. ಐದು ಸಾವಿರ ಜನ ನೋಡಿದರು. ಹೊಗಳಿದ್ದೇ ಹೊಗಳಿದ್ದು. ಅವನು ಹಿಗ್ಗಿಹೋದ. ಫೈಲನ್ನು ತೆರೆದು ನೋಡುವ ಗೋಜಿಗೆ ಹೋಗಲಿಲ್ಲ. ಎರಡು ತಿಂಗಳಿಗೆ ಮುದುಕಿ ತೀರಿಕೊಂಡಳು.

ಪ್ರಸಾರವಾದ ಐದನೆಯ ತಿಂಗಳಲ್ಲಿ ಸೊಸೆ ಕೂಸನ್ನು ಎತ್ತಿಕೊಂಡು ಬಂದಳು. ಮಗ್ಗದ ಮುಂದೆಯೇ ಕೂತು, ನೂಲು ಕೈಯಲ್ಲಿ ಹಿಡಿದು, ಫೈಲು ಹಾಕಲು ವಿಡಿಯೊದವನಿಗೆ ಹೇಳಿದಳು. ಹಾಕಿದ. ಹಿಂದಿನ ಗೋಡೆ ಸ್ವಚ್ಛವಾಗಿ ಕಂಡಿತು. ಕ್ಯಾಲೆಂಡರಿನ ತಾರೀಖು ಓದಬಹುದಿತ್ತು. ಕೈ ಇರಬೇಕಾದಲ್ಲಿ ಮಾತ್ರ ಚೌಕ ಚೌಕವಾದ ಕಂದು ಬಣ್ಣ ಅಲುಗುತ್ತಿತ್ತು. ಕದಲದೆ ಇದ್ದುದನ್ನು ಎನ್‌ಕೋಡರ್ ಉಳಿಸಿಕೊಂಡಿತ್ತು, ಬೇಗ ಬೇಗ ಕದಲಿದ್ದನ್ನು ಕಲೆಸಿ ಬಿಸಾಕಿತ್ತು.

ಅವಳು ಪರದೆಯ ಹತ್ತಿರ ಹೋದಳು. ಹಿಂದೆ ಸರಿದಳು. ಮತ್ತೆ ಹತ್ತಿರ ಹೋದಳು.

“ಅಣ್ಣಾ, ಗೋಡಿ ಭಾಳ ಚಂದ ಕಾಣತೈತಿ. ನಮ್ಮ ಅತ್ತಿ ಬೆರಳು ಎಲ್ಲಿ ಅದಾವು?”

ಅವನು ಫೈಲನ್ನು ದೊಡ್ಡದು ಮಾಡಿ ನೋಡಿದ, ನಿಧಾನ ಮಾಡಿ ನೋಡಿದ. ದೊಡ್ಡದು ಮಾಡಿದರೆ ಚೌಕಗಳು ದೊಡ್ಡವಾದವು. ಬಲ್ಲವರ ಮನೆ ಬಾಗಿಲಿಗೆಲ್ಲ ಅಲೆದ. ಫೈಲಿನೊಳಗೆ ಇಲ್ಲದ್ದನ್ನು ತೆಗೆದುಕೊಡುವವರು ಯಾರೂ ಸಿಗಲಿಲ್ಲ.

ಗುರು ಮಾತು ನಿಲ್ಲಿಸಿದ. ಕತೆ ಇಷ್ಟಕ್ಕೇ ಮುಗಿಯಲಾರದು ಎಂದು ಶಿಷ್ಯನಿಗೆ ಅನ್ನಿಸಿತು.

“ಹಾಗಾದರೆ ಆ ಸೊಸೆ ಕೊನೆಗೆ ಹೇಗೆ ಕಲಿತಳು, ಗುರುಗಳೇ?”

“ಕಲಿಯಲಿಲ್ಲ. ಆ ಗುಟ್ಟು ಬಲ್ಲವರು ಈಗ ಒಬ್ಬರೂ ಇಲ್ಲ, ನೋಡಿದವರು ಐದು ಸಾವಿರ ಜನ ಇದ್ದಾರೆ.”