ಗಡಿಗೆಗೊಂದು ನೆರಳು

ಖಾನಾಪುರದ ಪೇಟೆಯಲ್ಲಿ ಭುಜಂಗಪ್ಪನ ಫೋಟೊ ಸ್ಟುಡಿಯೊ ಇತ್ತು. ಇಪ್ಪತ್ತು ವರ್ಷಗಳಲ್ಲಿ ಅವನು ತೆಗೆದ ಒಂದೇ ಒಂದು ಪಾಸ್‌ಪೋರ್ಟ್ ಫೋಟೊ ವಾಪಸ್ ಬಂದಿರಲಿಲ್ಲ. ಕಿವಿಯ ಹಿಂದೆ ಎಳ್ಳಷ್ಟು ನೆರಳು ಬಿದ್ದರೂ ಫೋಟೊ ನಡೆಯುವುದಿಲ್ಲ ಎಂದು ಅವನಿಗೆ ಗೊತ್ತು. ಹೀಗಾಗಿ ಅವನಿಗೂ ನೆರಳಿಗೂ ಎಣ್ಣೆ ಸೀಗೆಕಾಯಿ.

ಒಂದು ದಿನ ಕುಂಬಾರ ಓಣಿಯ ಸತ್ಯವ್ವ ಹೊಸ ಗಡಿಗೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಧಾರವಾಡದ ಕರಕುಶಲ ಮೇಳದಲ್ಲಿ ಒಂದು ಮಳಿಗೆ ಹಿಡಿಯಬೇಕೆಂಬುದು ಅವಳ ಬಹುದಿನದ ಆಸೆ. ಅದಕ್ಕೆ ಮೊದಲು ಮೇಳದವರಿಗೆ ಗಡಿಗೆಯ ಫೋಟೊ ಕಳಿಸಬೇಕಿತ್ತು.

ಭುಜಂಗಪ್ಪ ಮನಸ್ಸಿಟ್ಟೇ ಕೆಲಸ ಮಾಡಿದ. ಹಿಂದೆ ಬಿಳಿ ಪರದೆ ಕಟ್ಟಿ, ಎಡಬಲಕ್ಕೆ ದೀಪ ಹಚ್ಚಿ, ಇದ್ದಬದ್ದ ನೆರಳನ್ನೆಲ್ಲ ಓಡಿಸಿದ. ಆಮೇಲೆ ಕಂಪ್ಯೂಟರಿನಲ್ಲಿ ಗೆರೆಗಳನ್ನು ಎದ್ದು ಕಾಣುವಂತೆ ಮಾಡುವ ಶಾರ್ಪ್‌ನೆಸ್ಸನ್ನು ತುದಿಯವರೆಗೂ ಏರಿಸಿದ. ಮೀಸೆಯ ಕೂದಲು ಎಣಿಸುವ ಹಾಗಿರಬೇಕು ಎಂಬುದು ಅವನ ನಿಯಮ. ಗಡಿಗೆಗೆ ಮೀಸೆಯಿಲ್ಲ ಎಂಬುದು ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಮೂರನೇ ದಿನ ಮೇಳದವರ ಉತ್ತರ ಬಂತು. ತಟ್ಟೆಯ ಮೈತುಂಬ ಬಿರುಕಿದೆ, ನಾಳೆ ಸಂಜೆಯೊಳಗೆ ಬೇರೆ ಫೋಟೊ ಬಾರದಿದ್ದರೆ ಮಳಿಗೆ ಇಲ್ಲ ಎಂದು ಬರೆದಿದ್ದರು. ಫೋಟೊದಲ್ಲಿ ಗಡಿಗೆ ಅವರಿಗೆ ಚಪ್ಪಟೆ ತಟ್ಟೆಯಾಗಿ ಕಂಡಿತ್ತು.

ಸತ್ಯವ್ವ ಸಪ್ಪೆ ಮುಖ ಮಾಡಿಕೊಂಡು ಗಡಿಗೆಯೊಂದಿಗೆ ಮತ್ತೆ ಬಂದಳು. ಭುಜಂಗಪ್ಪನಿಗೆ ನಾಚಿಕೆಯಾಯಿತು, ಆದರೂ ಹಟ ಬಿಡಲಿಲ್ಲ. ಇನ್ನೊಂದು ದೀಪ ತರಿಸುತ್ತೇನೆ ಎಂದ. ಅವಳು ಬೆರಳ ಗೆಣ್ಣಿನಿಂದ ಗಡಿಗೆಯನ್ನು ಬಡಿದಳು. ಅದು ಠಣ್ ಎಂದಿತು.

"ಸಂತ್ಯಾಗ ಹಿಂಗ ಬಡದು ನೋಡಿ ಒಯ್ತಾರ್ರಿ ಅಣ್ಣಾರ. ಫೋಟೊದಾಗ ಬಡ್ಯಾಕ ಬರಾಂಗಿಲ್ಲ. ಇದಕ್ಕ ಹೊಟ್ಟಿ ಐತಿ ಅಂತ ಹೇಳಾಕ ನೆರಳಾದ್ರೂ ಬೇಕಲ್ರಿ?"

ಭುಜಂಗಪ್ಪ ದೀಪಗಳನ್ನು ಆರಿಸಿದ. ಬಾಗಿಲ ಬಳಿ ಇಳಿಬಿಸಿಲು ಓರೆಯಾಗಿ ಬೀಳುವಲ್ಲಿ ಗಡಿಗೆಯನ್ನಿಟ್ಟ. ಒಂದು ಮಗ್ಗುಲು ಬೆಳಗಿತು, ಇನ್ನೊಂದು ಮೆಲ್ಲಗೆ ಕಪ್ಪಾಯಿತು, ಗಡಿಗೆ ಗುಂಡಗೆ ಎದ್ದು ಕಂಡಿತು. ಫೋಟೊ ತೆಗೆದು ಶಾರ್ಪ್‌ನೆಸ್ಸನ್ನು ಇಳಿಸುತ್ತ ಬಂದ. ಬಿರುಕಿನಂತೆ ಕಂಡದ್ದೆಲ್ಲ ತಿರುಗುವ ತಿಗರಿಯ ಮೇಲೆ ಸತ್ಯವ್ವನ ಬೆರಳು ಮೂಡಿಸಿದ ಗೆರೆಗಳಾದವು. ಅಲ್ಲಿಗೆ ಕೈ ನಿಲ್ಲಿಸಿದ. ಇಷ್ಟು ಚೆಂದದ ಗಡಿಗೆಯನ್ನು ತಾನೇ ಕೆಡಿಸಿದ್ದೆನಲ್ಲ ಎಂದು ಅವನಿಗೆ ನಗು ಬಂತು.

ಮರುದಿನವೇ ಮಳಿಗೆ ಖಾತ್ರಿಯಾಯಿತು. ಉತ್ತರದ ಕೊನೆಯಲ್ಲಿ ಒಂದು ಪ್ರಶ್ನೆಯೂ ಇತ್ತು: ಈ ಗಡಿಗೆಯಲ್ಲಿ ಎಷ್ಟು ನೀರು ಹಿಡಿಯುತ್ತದೆ? ತಟ್ಟೆಗೆ ಯಾರೂ ಹಾಗೆ ಕೇಳುವುದಿಲ್ಲ ಎಂದು ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ನೀತಿ: ನೆರಳನ್ನೆಲ್ಲ ಅಳಿಸಿದರೆ ಒಳಗಿನ ತುಂಬುತನ ಕಾಣದು. ಅತಿಯಾಗಿ ಕೆದಕಿ ನೋಡಿದರೆ ದುಡಿದ ಬೆರಳಿನ ಗುರುತೂ ಬಿರುಕಾಗಿ ಕಾಣುತ್ತದೆ. ಗಡಿಗೆಯಾಗಲಿ, ಮನುಷ್ಯರಾಗಲಿ, ಹದವರಿತು ನೋಡಬೇಕು.