ಪಥ್ಯವಿಲ್ಲದ ಪುಡಿ

"ಉಸ್ತಾದರೇ, ನನಗೆ ಪುಡಿ ಬೇಕಾ, ಇಲ್ಲ ಊಟವೇ ಸಾಕಾ?" ಎಂದು ಸಿದ್ದರಾಜು ಕೇಳಿದ.

ಸಿದ್ದರಾಜು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಬೆಳಗಿನ ಜಾವ ಗರಡಿಗೆ ಬಂದು ಕುಸ್ತಿಯಾಡುವ ಮಣ್ಣಿನ ಮಟ್ಟಿಯಲ್ಲಿ ಹೊರಳಾಡಿ, ಮೈ ತೊಳೆದುಕೊಂಡು, ಏನೂ ತಿನ್ನದೆ ಅಂಗಡಿಗೆ ಓಡುತ್ತಿದ್ದ. ಕುಸ್ತಿ ಅವನ ಹೊಟ್ಟೆಪಾಡಲ್ಲ, ಹುಚ್ಚು. ಆ ಸಲ ದಸರೆಯ ಕುಸ್ತಿಗೆ ಮೊದಲ ಬಾರಿ ಹೆಸರು ಕೊಟ್ಟಿದ್ದ. ಅವತ್ತು ಬೆಳಿಗ್ಗೆ ಅಭ್ಯಾಸಕ್ಕೆಂದು ಜೊತೆಯವನೊಬ್ಬನ ಕೈ ಹಿಡಿದು ನಿಂತಿದ್ದಾಗ ಕಣ್ಣು ಕತ್ತಲಿಟ್ಟು ನಿಂತಲ್ಲೇ ಕುಸಿದಿದ್ದ. ಜೊತೆಯ ಹುಡುಗರು ಮುಖಕ್ಕೆ ನೀರು ಚಿಮುಕಿಸಿದರು. ಅವನು ಕಣ್ಣು ಬಿಡುವ ಮುಂಚೆಯೇ, ಯಾವ ಡಬ್ಬಿಯ ಪ್ರೋಟೀನ್ ಪುಡಿ ಒಳ್ಳೆಯದು ಎಂದು ತಮ್ಮತಮ್ಮಲ್ಲೇ ವಾದಕ್ಕೆ ನಿಂತಿದ್ದರು.

ಉಸ್ತಾದ್ ಜವರಪ್ಪನವರು ಸಲಿಕೆ ಹಿಡಿದು ಮಟ್ಟಿಯ ಮಣ್ಣು ಸಡಿಲ ಮಾಡುತ್ತಿದ್ದರು. ಪ್ರಶ್ನೆ ಕೇಳಿ ಸಲಿಕೆಯನ್ನು ಗೋಡೆಗೆ ಒರಗಿಸಿ ಕಟ್ಟೆಯ ಮೇಲೆ ಕೂತರು. ಅವರಿಗೆ ದಣಿವಾಗಿತ್ತು. ಕೂತಲ್ಲಿಂದಲೇ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಕೈಗುಣ ಒಳ್ಳೆಯದೆಂದು ಸುತ್ತಮುತ್ತ ಹೆಸರಿತ್ತು. ಆದರೆ ವಯಸ್ಸಾದಂತೆ ಅವನಿಗೆ ಸಾಕಾಗಿಹೋಗಿತ್ತು. ರೋಗಿಗಳಿಂದ ಸಾಕಾದದ್ದಲ್ಲ, ತನ್ನ ಮಾತು ತನಗೇ ಸಾಕಾಗಿತ್ತು. ಹೊತ್ತಿಗೆ ಸರಿಯಾಗಿ ಉಣ್ಣು, ಹೊಟ್ಟೆ ತುಂಬ ಉಣ್ಣು, ರಾತ್ರಿ ನಿದ್ದೆ ಮಾಡು. ಬಂದವರಲ್ಲಿ ಅರ್ಧ ಜನಕ್ಕೆ ಇಷ್ಟನ್ನೇ ಹೇಳಬೇಕಾಗಿತ್ತು. ಹೇಳಿದರೆ ಅವರ ಮುಖ ಸಪ್ಪಗಾಗುತ್ತಿತ್ತು. ಇಷ್ಟು ದೂರ ನಡೆದು ಬಂದದ್ದು ಇದನ್ನು ಕೇಳುವುದಕ್ಕಾ ಎಂಬಂತೆ ನೋಡಿ ಎದ್ದುಹೋಗುತ್ತಿದ್ದರು. ಮೈಯಲ್ಲಿ ನಿಜವಾಗಿ ಕೊರತೆ ಇದ್ದವರಿಗೆ ಅವನು ಮದ್ದು ಅರೆದು ಕೊಡದೆ ಇರುತ್ತಿರಲಿಲ್ಲ. ಉಳಿದವರಿಗೆ ಕೊಡಲು ಅವನ ಬಳಿ ಆ ಹಳೆಯ ಮಾತಷ್ಟೇ ಇತ್ತು, ಅದು ಯಾರಿಗೂ ಬೇಕಿರಲಿಲ್ಲ.

ಅದೇ ಊರಿನಲ್ಲಿ ಒಬ್ಬ ನೇಕಾರ. ಹಗಲೆಲ್ಲ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಲಾಳಿ ಎಸೆಯುವವನು. ಸಂಜೆಯಾದರೆ ಗರಡಿ. ಅವನಿಗೂ ಕುಸ್ತಿ ಎಂದರೆ ಪ್ರಾಣ. ಪಕ್ಕದೂರಿನ ಒಬ್ಬ ಗಾಡಿಯವನು ಅವನನ್ನು ಹಿಂದಿನ ಎರಡು ವರ್ಷವೂ ಎಲ್ಲರೆದುರು ಚಿತ್ ಮಾಡಿದ್ದ. ಮೂರನೆಯ ಸಲ ಸೋತರೆ ಗರಡಿಯ ಹೊಸಿಲು ತುಳಿಯುವುದಿಲ್ಲ ಎಂದು ನೇಕಾರ ಆಣೆ ಮಾಡಿಬಿಟ್ಟಿದ್ದ. ಆಣೆ ಮಾಡಿದ ಮೇಲೆ ಅವನಿಗೇ ಭಯವಾಗತೊಡಗಿತು. ಹಾಗಾಗಿ ವೈದ್ಯನ ಬಾಗಿಲಿಗೆ ಬಂದ.

"ಪಂಡಿತ್ರೇ, ಅರಮನೆ ಜಟ್ಟಿಗಳು ಅದೇನೋ ಪುಡಿ ತಿಂತಾರಂತೆ. ನನಗೂ ಅಂಥದ್ದೇ ಮಾಡಿಕೊಡಿ. ತೋಳಲ್ಲಿ ಕಸುವೇ ಇಲ್ಲ," ಅಂದ.

ವೈದ್ಯ ನಾಡಿ ಹಿಡಿದ. ಕಣ್ಣು ನೋಡಿದ, ನಾಲಿಗೆ ನೋಡಿದ. ಯಾವ ರೋಗವೂ ಇರಲಿಲ್ಲ. ಏನು ಉಣ್ಣುತ್ತೀಯ ಎಂದು ಕೇಳಿದ. ಬೆಳಿಗ್ಗೆ ನಿಂತಲ್ಲೇ ಒಂದು ಲೋಟ ಅಂಬಲಿ. ಮಧ್ಯಾಹ್ನ ಅಂದಿನ ನೇಯ್ಗೆ ಮುಗಿಯುವ ತನಕ ಮಗ್ಗದಿಂದ ಏಳುವುದಿಲ್ಲ, ಹೆಂಡತಿ ಕರೆದೂ ಕರೆದೂ ಸುಮ್ಮನಾಗುತ್ತಾಳೆ. ಗರಡಿಯಿಂದ ಬರುವ ಹೊತ್ತಿಗೆ ಸುಸ್ತು, ಮಡಕೆಯಲ್ಲಿ ಉಳಿದದ್ದು ಇಷ್ಟು ತಿಂದು ಮಲಗುವುದು. ನೇಕಾರ ಇದನ್ನೆಲ್ಲ ಹೇಳುವಾಗ ಅವನ ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು.

"ಮಧ್ಯಾಹ್ನ ಮಗ್ಗ ಬಿಟ್ಟು ಎದ್ದು ಊಟ ಮಾಡಪ್ಪ. ನಿನಗೆ ಬೇರೆ ಮದ್ದು ಬೇಡ," ಅಂದ ವೈದ್ಯ.

"ಇದನ್ನ ನಮ್ಮವ್ವಾನೂ ಹೇಳ್ತಾಳೆ. ಇದಕ್ಕೆ ನಿಮ್ಮ ಹತ್ರ ಬರಬೇಕಿತ್ತಾ?" ಎಂದು ನೇಕಾರ ಹೆಗಲ ಮೇಲಿನ ವಸ್ತ್ರ ಕೊಡವಿ ಎದ್ದ.

ಅವನು ಅಂಗಳ ದಾಟುವುದನ್ನು ವೈದ್ಯ ನೋಡುತ್ತಿದ್ದ. ಎಷ್ಟೋ ಬೆನ್ನುಗಳು ಹೀಗೆ ಅಂಗಳ ದಾಟಿಹೋಗಿದ್ದವು. ಸತ್ಯ ಹೇಳಿ ಹೇಳಿ ತಾನು ಯಾರನ್ನು ಉದ್ಧಾರ ಮಾಡಿದೆ ಎಂದು ಅವನಿಗೆ ಅನ್ನಿಸಿತು. ಆ ದಿನ ಅವನಿಗೆ ನಿಜವಾಗಿಯೂ ಸಾಕುಸಾಕಾಗಿತ್ತು. "ನಿಲ್ಲಪ್ಪ, ಒಂದು ಪುಡಿ ಇದೆ," ಎಂದು ಕೂಗಿದ.

ಒಳಗೆ ಹೋಗಿ ಹುರಿಗಡಲೆ ಕುಟ್ಟಿದ. ಬೆಲ್ಲ, ಒಂದು ಚಿಟಿಕೆ ಶುಂಠಿ ಸೇರಿಸಿದ. ಒಣಗಿದ ಎಲೆಯಲ್ಲಿ ಪೊಟ್ಟಣ ಕಟ್ಟಿ ಹೊರಗೆ ತಂದ.

"ಇದು ಬಹಳ ಉಗ್ರ," ಅಂದ. "ಇದಕ್ಕೆ ಪಥ್ಯ ಇದೆ. ಹೊತ್ತು ನೆತ್ತಿಗೆ ಬಂದ ಕೂಡಲೇ ಕೈಕಾಲು ತೊಳೆದು ನೆಲದ ಮೇಲೆ ಕೂರಬೇಕು. ಬಿಸಿ ಮುದ್ದೆ, ಕಾಳಿನ ಸಾರು, ಸೊಪ್ಪು. ಹೊಟ್ಟೆ ತುಂಬಿದ ಮೇಲೆ ಒಂದು ಚಿಟಿಕೆ ಪುಡಿ, ಮೇಲೆ ಮಜ್ಜಿಗೆ. ಆಮೇಲೆ ಸ್ವಲ್ಪ ಹೊತ್ತು ಎಡ ಮಗ್ಗುಲಲ್ಲಿ ಮಲಗಬೇಕು. ರಾತ್ರಿಯೂ ಹಾಗೇ, ಮೇಲೆ ಹಾಲು. ಹಸಿದ ಹೊಟ್ಟೆಗೆ ಬಿತ್ತೋ, ಪುಡಿ ನಿನಗೇ ತಿರುಗಿಬೀಳುತ್ತೆ. ಆಮೇಲೆ ನನ್ನ ಕೇಳಬೇಡ."

ನೇಕಾರ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು ಹೋದ.

ಮರುದಿನ ಮಧ್ಯಾಹ್ನ ಆ ಬೀದಿಯಲ್ಲಿ ಒಂದು ಮಗ್ಗದ ಸದ್ದು ನಿಂತಿತು. ಅಕ್ಕಪಕ್ಕದವರು ಏನೋ ಕೆಟ್ಟದ್ದಾಯಿತೆಂದು ಇಣುಕಿ ನೋಡಿದರು. ನೇಕಾರ ಚಕ್ಕಳಮಕ್ಕಳ ಹಾಕಿಕೊಂಡು ಮುದ್ದೆ ನುಂಗುತ್ತಿದ್ದ. ಹೆಂಡತಿ ಎದುರಿಗೆ ಕೂತು ಬಡಿಸುತ್ತಿದ್ದಳು. ಹಿಂದೆ ತಾಯಿ ಹೇಳಿದಾಗ ಕೇಳದವನು, ಹೆಂಡತಿ ಗೋಗರೆದಾಗ ಕೇಳದವನು ಈಗ ಪಥ್ಯವನ್ನು ಕೂದಲೆಳೆಯಷ್ಟೂ ತಪ್ಪಿಸಲಿಲ್ಲ. ಗಿರಾಕಿ ಬಂದು ಬಾಗಿಲಲ್ಲಿ ನಿಂತರೂ ಎಡ ಮಗ್ಗುಲು ಬಿಟ್ಟು ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಜಗಲಿಯಲ್ಲಿ ಕೂತ ವೈದ್ಯ ಆ ಮಗ್ಗ ನಿಲ್ಲುವುದಕ್ಕೆ ಕಿವಿಗೊಡುತ್ತಿದ್ದ. ನಿಂತರೆ ಅವನ ಜೀವಕ್ಕೂ ಕೊಂಚ ಹಾಯೆನಿಸುತ್ತಿತ್ತು.

ಮಳೆಗಾಲ ಕಳೆಯುವ ಹೊತ್ತಿಗೆ ನೇಕಾರನ ಕತ್ತು ದಪ್ಪವಾಯಿತು, ತೋಳು ತುಂಬಿಕೊಂಡಿತು. ಕುಸ್ತಿಯ ದಿನ ಅವನು ಗಾಡಿಯವನನ್ನು ಎತ್ತಿ ಒಗೆದ. ಜನ ಅವನನ್ನು ಹೆಗಲ ಮೇಲೆ ಹೊತ್ತು ನೇರವಾಗಿ ವೈದ್ಯನ ಮನೆಗೆ ಕರೆತಂದರು. ಕೊರಳಲ್ಲಿ ಹಾರ, ಮೈಯೆಲ್ಲ ಕೆಮ್ಮಣ್ಣು. ಎಲ್ಲ ಈ ಪುಡಿಯ ಮಹಿಮೆ ಎಂದು ನೇಕಾರ ಸಾರಿ ಹೇಳಿದ.

ನಿಜ ಹೇಳಿಬಿಡಲು ವೈದ್ಯ ಬಾಯಿ ತೆರೆದ. ಅಷ್ಟು ಜನರ ನಡುವೆ ಆ ಸಂಭ್ರಮದ ಮುಖ ನೋಡಿ ಸುಮ್ಮನಾದ. ಹಾಳಾಗಿ ಹೋಗಲಿ, ಅಂತೂ ಉಣ್ಣುತ್ತಿದ್ದಾನಲ್ಲ ಎಂದುಕೊಂಡ.

ಸುದ್ದಿ ಕೇಳಿ ಪೇಟೆಯಿಂದ ಒಬ್ಬ ವರ್ತಕ ಬಂದ. ಪುಡಿಯನ್ನು ತಾನು ಮಾರುತ್ತೇನೆ, ಹೇಗೆ ಮಾಡುವುದೆಂದು ಹೇಳಿಕೊಡಿ ಅಂದ. ಈ ಸಲ ವೈದ್ಯ ಏನನ್ನೂ ಮುಚ್ಚಿಡಲಿಲ್ಲ. ಅದು ಬರೀ ಹುರಿಗಡಲೆ, ಕೆಲಸ ಮಾಡಿದ್ದು ಪಥ್ಯ, ಮಾರುವುದಾದರೆ ಪಥ್ಯವನ್ನೂ ಹೇಳಿ ಮಾರು ಎಂದು ಕೈಮುಗಿದು ಕೇಳಿಕೊಂಡ.

ವರ್ತಕ ನಕ್ಕ. "ನಾಲಿಗೆ ಮೇಲೆ ಇಟ್ಟಾಗಲೇ ಗೊತ್ತಾಯ್ತು ಪಂಡಿತ್ರೇ. ಆದ್ರೆ ಪಥ್ಯಾನ ಡಬ್ಬಿಗೆ ತುಂಬೋಕೆ ಬರಲ್ಲವಲ್ಲ!"

ಕೆಲವೇ ದಿನಗಳಲ್ಲಿ ಪೇಟೆಯ ಅಂಗಡಿಗಳಲ್ಲಿ ಸಾಲಾಗಿ ಡಬ್ಬಿಗಳು ಕೂತವು. 'ಪಥ್ಯ ಬೇಡ, ಯಾವಾಗ ಬೇಕಾದರೂ ತಿನ್ನಿ' ಎಂದು ಮೇಲೆ ದೊಡ್ಡದಾಗಿ ಬರೆದಿತ್ತು. ಅದರ ಕೆಳಗೆ ನೇಕಾರನ ಚಿತ್ರ. ಮೀಸೆ ಮಾತ್ರ ಅವನದಕ್ಕಿಂತ ದಪ್ಪ.

ನೇಕಾರ ಆ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ರುಚಿ ನೋಡಿದರೆ ಅದೇ ಪುಡಿ. ಪಥ್ಯ ಬೇಡವಂತೆ. ಬೇರೆ ಯಾರಾದರೂ ಹೇಳಿದ್ದರೆ ಅನುಮಾನ ಪಡುತ್ತಿದ್ದನೇನೋ, ಆದರೆ ಅಲ್ಲಿ ತೋಳು ತೋರಿಸಿಕೊಂಡು ನಿಂತಿದ್ದವನು ತಾನೇ. ತನ್ನ ಮಾತನ್ನು ತಾನು ನಂಬದೆ ಇರುವುದು ಹೇಗೆ? ಗೆದ್ದ ಮೇಲೆ ಅವನ ಸೀರೆಗಳನ್ನು ಕೇಳುವವರೂ ಹೆಚ್ಚಾಗಿದ್ದರು. ಅವನು ಡಬ್ಬಿಯನ್ನು ಮಗ್ಗದ ಪಕ್ಕದಲ್ಲೇ ಇಟ್ಟುಕೊಂಡ. ಹಸಿವಾದರೆ ಒಂದು ಚಿಟಿಕೆಯ ಬದಲು ಎರಡು ಚಮಚ ಬಾಯಿಗೆ ಹಾಕಿ ನೀರು ಕುಡಿಯುತ್ತಿದ್ದ. ಲಾಳಿ ಓಡುತ್ತಲೇ ಇತ್ತು.

ಜಗಲಿಯಲ್ಲಿ ಕೂತ ವೈದ್ಯನಿಗೆ ಮಧ್ಯಾಹ್ನವೂ ಮಗ್ಗದ ಸದ್ದು ಕೇಳಿಸತೊಡಗಿತು. ಎದ್ದು ಹೋಗಿ ಬುದ್ಧಿ ಹೇಳಬೇಕೆಂದು ಅವನಿಗೆ ದಿನವೂ ಅನ್ನಿಸುತ್ತಿತ್ತು. ಏನು ಹೇಳಬೇಕೆಂದು ಮಾತ್ರ ತೋಚುತ್ತಿರಲಿಲ್ಲ. ಹಳೆಯ ಮಾತನ್ನೇ ಹೇಳಬೇಕಿತ್ತು, ಅದನ್ನು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಮುಂದಿನ ಕುಸ್ತಿಯಲ್ಲಿ ನೇಕಾರ ಬಿದ್ದ. ಬಿದ್ದದ್ದು ದೊಡ್ಡದಲ್ಲ, ಆದರೆ ಬೀಳುವಾಗ ಬಲಭುಜದ ಕೀಲು ತಪ್ಪಿತು. ಲಾಳಿ ಎಸೆಯುವ ಕೈ ಅದೇ. ಹೆಂಡತಿ ಅವನಿಗೆ ಆಸರೆಯಾಗಿ ವೈದ್ಯನ ಮನೆಗೆ ಕರೆತಂದಳು. ಹಾರವಿಲ್ಲ, ಜನವಿಲ್ಲ, ಇಬ್ಬರೇ. ವೈದ್ಯ ಕೀಲು ಕೂಡಿಸಿ ಪಟ್ಟಿ ಕಟ್ಟಿದ. ಕೈ ಮತ್ತೆ ಮಗ್ಗಕ್ಕೆ ಬರುತ್ತದೆ, ಮೈಯಲ್ಲಿ ರಕ್ತ ತುಂಬಿದರೆ ಬೇಗ, ಅರೆಬರೆ ತುಂಬಿದರೆ ನಿಧಾನ, ತುಂಬದೇ ಹೋದರೆ ಹೀಗೇ ಉಳಿದೀತು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ನೇಕಾರನ ಕಣ್ಣಲ್ಲಿ ನೀರು ಬಂತು. "ಅದೇ ಪುಡಿ ತಾನೇ ಪಂಡಿತ್ರೇ? ದಿನಾ ತಿಂದೆ. ಹೆಚ್ಚಾಗೇ ತಿಂದೆ. ಯಾಕೆ ಹಿಂಗಾಯ್ತು?"

ವೈದ್ಯನಿಗೆ ಇನ್ನು ಮುಚ್ಚಿಡುವುದು ಬೇಡವೆನ್ನಿಸಿತು. ಅದು ಹುರಿಗಡಲೆ ಹಿಟ್ಟು, ನಿನ್ನನ್ನು ಗೆಲ್ಲಿಸಿದ್ದು ನಿನ್ನ ಮನೆಯ ಮಧ್ಯಾಹ್ನದ ಮುದ್ದೆ ಎಂದು ಹೇಳಿಬಿಟ್ಟ. ಹೇಳಿ ತಲೆ ತಗ್ಗಿಸಿದ. ನೇಕಾರ ಗಾಬರಿಯಿಂದ ಹೆಂಡತಿಯ ಕಡೆ ತಿರುಗಿದ. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ನಂಗೆ ಮೊದಲ ದಿನಾನೇ ಗೊತ್ತಾಯ್ತು," ಅಂದಳು ಆಕೆ. "ಒಲೆ ಮುಂದೆ ಇರೋಳಿಗೆ ಹುರಿಗಡಲೆ ವಾಸನೆ ತಿಳಿಯಲ್ವಾ? ಹೇಳಿದ್ರೆ ನೀವು ಊಟಕ್ಕೆ ಬರ್ತಿದ್ರಾ?"

ನೇಕಾರನಿಗೆ ಮೊದಲು ಸಿಟ್ಟು ಬಂತು. ಆಮೇಲೆ ನಾಚಿಕೆಯಾಯಿತು. ಮುದ್ದೆ ತಿಂದು ಗೆದ್ದೆ ಎಂದು ಗರಡಿಯಲ್ಲಿ ಯಾವ ಮುಖ ಇಟ್ಟುಕೊಂಡು ಹೇಳುವುದು? ಮುದ್ದೆಯನ್ನು ಊರಿನ ಎಲ್ಲರೂ ತಿನ್ನುತ್ತಾರೆ. ಕಟ್ಟಿದ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅವನು ಕೊನೆಗೆ ಮೆಲ್ಲಗೆ ಕೇಳಿದ:

"ಹೋಗಲಿ ಪಂಡಿತ್ರೇ. ಅದಕ್ಕಿಂತ ಜೋರಾಗಿರೋ ಪುಡಿ ಏನಾದ್ರೂ ಇದೆಯಾ?"

ವೈದ್ಯ ಅವನ ಮುಖ ನೋಡಿದ. ಅವನ ಹೆಂಡತಿಯ ಮುಖ ನೋಡಿದ. ಆಕೆ ಬೇರೆಲ್ಲೋ ನೋಡುತ್ತಿದ್ದಳು, ಆದರೆ ಬೇಡವೆಂದು ತಲೆಯಾಡಿಸಲಿಲ್ಲ. ವೈದ್ಯ ಮೊಣಕಾಲಿಗೆ ಕೈಕೊಟ್ಟು ಎದ್ದ. ಒಳಗೆ ಹೋಗಿ ಒಂದು ಹಿಡಿ ಹುರುಳಿ ಹುರಿಯಲು ಹಾಕಿ ಅಲ್ಲಿಂದಲೇ ಕೂಗಿ ಹೇಳಿದ:

"ಇದೆ. ಆದರೆ ಇದರ ಪಥ್ಯ ಬಹಳ ಕಠಿಣ ಕಣಪ್ಪ."

ಇಲ್ಲಿಗೆ ಜವರಪ್ಪನವರು ಕತೆ ಮುಗಿಸಿದರು. ಸಿದ್ದರಾಜು ಜೋರಾಗಿ ನಕ್ಕ. ನೇಕಾರನ ದಡ್ಡತನ ಅವನಿಗೆ ಬಹಳ ಹಿಡಿಸಿತ್ತು.

"ಅಷ್ಟೇನಾ ಉಸ್ತಾದರೇ? ಸರಿಯಾಗಿ ಊಟ ಮಾಡು ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು. ಅದಕ್ಕೆ ಇಷ್ಟುದ್ದ ಕತೆ ಯಾಕೆ ಬೇಕಿತ್ತು?"

ಜವರಪ್ಪನವರು ಎದ್ದು ಮಟ್ಟಿಗೆ ಇಳಿದರು.

"ಆ ಒಂದು ಮಾತನ್ನ, ನೀನು ಗರಡಿಗೆ ಕಾಲಿಟ್ಟ ದಿನದಿಂದ ಹೇಳ್ತಾನೇ ಇದೀನಿ ಕಣೋ."